ಸೋಲಿನಲ್ಲೂ ನಮಗೆ ಪಾಲಿದೆ: ಅಂತರಿಕ್ಷ ಭವನಕ್ಕೆ ಒಂದು ಬಹಿರಂಗ ಪತ್ರ

ಇಸ್ರೋ ಅಧ್ಯಕ್ಷರಿಗೆ ಮತ್ತು ಬಾಹ್ಯಾಕಾಶ ಇಲಾಖೆಯ ಹಿರಿಯ ವಿಜ್ಞಾನಿಗಳಿಗೆ,
ಅಂತರಿಕ್ಷ ಭವನ, ಬೆಂಗಳೂರು

ಮಾನ್ಯರೇ,

ನಾನು ಬಸವನಗುಡಿಯವಳು, ಭೌತವಿಜ್ಞಾನ ಪಾಠ ಹೇಳಿ ನಿವೃತ್ತಳಾದವಳು. ನನ್ನ ಕೈಯಲ್ಲಿ ಓದಿದ ಕೆಲವರು ಇವತ್ತು ನಿಮ್ಮಲ್ಲಿ ಕೆಲಸ ಮಾಡುತ್ತಿದ್ದಾರೆ, ಕೆಲವರು ಉಪಗ್ರಹ ಕಟ್ಟುವ ಹೊಸ ಕಂಪನಿಗಳಲ್ಲಿದ್ದಾರೆ. ಅವರ ಪರವಾಗಿ ಬರೆಯುತ್ತಿಲ್ಲ; ತೆರಿಗೆ ಕಟ್ಟುವ, ಪ್ರತಿ ಉಡಾವಣೆಯನ್ನೂ ಉಸಿರು ಬಿಗಿಹಿಡಿದು ನೋಡುವ ಊರಿನವಳಾಗಿ ಬರೆಯುತ್ತಿದ್ದೇನೆ. ಹೇಳಬೇಕಾದದ್ದು ಎರಡೇ ಮಾತು. ಒಂದು, ಇನ್ನೂ ಹೆಚ್ಚು ಅಪಾಯದ ಪ್ರಯೋಗಗಳಿಗೆ ಕೈಹಾಕಿ. ಸೋತರೆ ನಾವು ನಿಮ್ಮ ಜೊತೆಗಿರುತ್ತೇವೆ. ಎರಡು, ಸೋತಾಗ ಯಾಕೆ ಸೋತಿರಿ ಎಂಬ ವರದಿಯನ್ನು ಜನರ ಮುಂದಿಡಿ. ಎರಡನೆಯದಿಲ್ಲದೆ ಮೊದಲನೆಯದು ಬಹಳ ಕಾಲ ನಡೆಯುವುದಿಲ್ಲ ಎಂಬ ಆತಂಕವೇ ಈ ಪತ್ರ ಬರೆಸುತ್ತಿದೆ.

ಇತ್ತೀಚಿನ ಎರಡು ಬೆಳಗುಗಳನ್ನು ನೆನೆಯೋಣ. 2025ರ ಮೇ 18, ಭಾನುವಾರ, ಬೆಳಿಗ್ಗೆ 5 ಗಂಟೆ 59 ನಿಮಿಷಕ್ಕೆ ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ-ಸಿ61 ರಾಕೆಟ್ ಮೇಲೆದ್ದಿತು. ಹೊತ್ತದ್ದು 1,696 ಕಿಲೋ ತೂಕದ ಇಒಎಸ್-09. ಮೋಡ ಕವಿದಿದ್ದರೂ ಕತ್ತಲಿದ್ದರೂ ನೆಲವನ್ನು ನೋಡಬಲ್ಲ ರೇಡಾರ್ ಉಪಗ್ರಹ. ಮೊದಲೆರಡು ಹಂತಗಳು ಸರಿಯಾಗಿ ನಡೆದವು. ಮೂರನೇ ಹಂತದ ಘನ ಇಂಧನದ ಮೋಟಾರಿನಲ್ಲಿ ಒತ್ತಡ ಕುಸಿಯಿತು, ಉಪಗ್ರಹ ಕಕ್ಷೆ ಸೇರಲಿಲ್ಲ. ಕಾರಣ ಹುಡುಕಲು ಸಮಿತಿ ರಚನೆಯಾಯಿತು. ಅದರ ವರದಿ ಜನರ ಕೈಗೆ ಬರುವ ಮೊದಲೇ, 2026ರ ಜನವರಿ 12ರಂದು, ಸಂಕ್ರಾಂತಿಯ ವಾರದಲ್ಲಿ, ಪಿಎಸ್‌ಎಲ್‌ವಿ-ಸಿ62 ಹಾರಿತು. ಮತ್ತೆ ತೊಂದರೆ ಕಂಡದ್ದು ಮೂರನೇ ಹಂತದಲ್ಲೇ. ಈ ಸಲ ಮುಖ್ಯ ಉಪಗ್ರಹದ ಜೊತೆಗೆ ಹದಿನೈದು ಸಹಪ್ರಯಾಣಿಕ ಉಪಗ್ರಹಗಳಿದ್ದವು. ಕಕ್ಷೆಯಲ್ಲಿರುವ ಉಪಗ್ರಹಕ್ಕೆ ಅಲ್ಲಿಯೇ ಇಂಧನ ತುಂಬುವ ವಿದ್ಯೆಯನ್ನು ಪರೀಕ್ಷಿಸಲು ನಮ್ಮ ದೇಶದ ನವೋದ್ಯಮವೊಂದು ಕಟ್ಟಿದ ಪುಟ್ಟ ಉಪಗ್ರಹವೂ ಅವುಗಳಲ್ಲೊಂದು. ಆ ಹೊಸ ವಿದ್ಯೆ ಫಲಿಸುತ್ತದೋ ಇಲ್ಲವೋ ಎಂದು ತಿಳಿಯುವ ಅವಕಾಶವೇ ಸಿಗಲಿಲ್ಲ. ಅಲ್ಲಿಗೆ ಮುಟ್ಟಿಸಬೇಕಾದ, ಎಲ್ಲರೂ ನಂಬಿದ್ದ ಹಳೆಯ ರಾಕೆಟ್ಟೇ ದಾರಿಯಲ್ಲಿ ಕೈಕೊಟ್ಟಿತು.

ಸೋಲಿನಲ್ಲಿ ಎರಡು ಬಗೆ. ಯಾರೂ ತುಳಿಯದ ದಾರಿ ಹಿಡಿದವರು ಎಡವುವುದು ಸಹಜ, ಅದಕ್ಕೆ ತಲೆತಗ್ಗಿಸಬೇಕಿಲ್ಲ. ಆದರೆ 1994ರಿಂದ ಉಪಗ್ರಹಗಳನ್ನು ಕಕ್ಷೆಗೆ ಮುಟ್ಟಿಸುತ್ತ ಬಂದ ರಾಕೆಟ್ಟು ಒಂದೇ ಹಂತದಲ್ಲಿ ಬೆನ್ನುಬೆನ್ನಿಗೆ ಎಡವಿದರೆ ಜನ ಉತ್ತರ ಕೇಳುತ್ತಾರೆ. ಎರಡು ಸಲವೂ ಕಾರಣ ಒಂದೇ ಇರಬೇಕೆಂದೇನೂ ಇಲ್ಲ. ಬೇರೆ ಬೇರೆಯಾಗಿದ್ದರೆ ಅದನ್ನು ಹೇಳಬೇಕಾದವರು ನೀವೇ. ವರದಿ ಕಪಾಟಿನಲ್ಲಿ ಉಳಿದರೆ ಈ ಎರಡು ಬಗೆಯ ಸೋಲಿನ ವ್ಯತ್ಯಾಸ ಜನರಿಗೆ ತಿಳಿಯುವುದಿಲ್ಲ, ಎಲ್ಲವೂ ಒಂದೇ ಆಗಿ ಕಾಣುತ್ತದೆ. ನಾಳೆ ನೀವು ಯಾವುದೋ ಸಾಹಸದ ಪ್ರಯೋಗಕ್ಕೆ ಹಣ ಕೇಳಿದಾಗ "ಹಳೆಯದೇ ನೆಟ್ಟಗೆ ಹಾರುತ್ತಿಲ್ಲ, ಹೊಸದೇಕೆ?" ಎಂದು ಯಾರಾದರೂ ಕೇಳಿದರೆ, ನಿಮ್ಮ ಪರ ಮಾತಾಡಲು ನಮ್ಮ ಬಳಿ ಏನೂ ಇರುವುದಿಲ್ಲ.

ಈ ಊರಿಗೆ ಅಂತರಿಕ್ಷದ ಕೆಲಸ ಬಂದದ್ದೇ ಸಾಹಸದ ಬೆನ್ನೇರಿ. 1971ರ ಡಿಸೆಂಬರ್ 30ರಂದು ವಿಕ್ರಂ ಸಾರಾಭಾಯಿ ಹಠಾತ್ತನೆ ತೀರಿಕೊಂಡ ಮೇಲೆ ಇಸ್ರೋದ ಹೊಣೆ ಹೊರಲು ಕರೆ ಬಂದಾಗ, ಸತೀಶ್ ಧವನ್ ಮಲ್ಲೇಶ್ವರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ, ನಮ್ಮ ಹಿರಿಯರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ, ನಿರ್ದೇಶಕರಾಗಿದ್ದರು. ಸಂಸ್ಥೆಯ ಹುದ್ದೆ ಬಿಡುವುದಿಲ್ಲ, ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇರಬೇಕು ಎಂದು ಹೇಳಿಯೇ ಅವರು ಒಪ್ಪಿಕೊಂಡರು. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ತಯಾರಾಯಿತು. ಆ ತಂಡದ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಅದಕ್ಕೆ ಮೊದಲು ಉಪಗ್ರಹವನ್ನು ಕಣ್ಣಾರೆ ಕಂಡವರೂ ಅಲ್ಲ. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದ ಕಪುಸ್ತಿನ್ ಯಾರ್‌ನಿಂದ 360 ಕಿಲೋದ ಆರ್ಯಭಟ ಮೇಲೇರಿತು. ಅದರ ಸಂಕೇತಗಳನ್ನು ಹಿಡಿಯಲು ಬೆಂಗಳೂರಿನಲ್ಲಿ ಜಾಗ ಸಾಲದೆ ಶೌಚಾಲಯವೊಂದನ್ನೇ ದತ್ತಾಂಶ ಕೇಂದ್ರ ಮಾಡಿಕೊಂಡಿದ್ದರು. ನಾಲ್ಕು ದಿನ ಕಳೆದ ಮೇಲೆ ವಿದ್ಯುತ್ ಪೂರೈಕೆ ಕೆಟ್ಟು ವಿಜ್ಞಾನ ಪ್ರಯೋಗಗಳು ನಿಂತವು. ಆ ವಿಷಯ ಎಲ್ಲರಿಗೂ ಗೊತ್ತಿತ್ತು; ಗೊತ್ತಿದ್ದೂ ದೇಶ ಆರ್ಯಭಟನನ್ನು ಎರಡು ರೂಪಾಯಿ ನೋಟಿನ ಮೇಲೆ ಅಚ್ಚು ಹಾಕಿಸಿತು.

ಆಪಲ್ ಉಪಗ್ರಹದ ಕಥೆ ಇದಕ್ಕಿಂತ ಗಟ್ಟಿ. ಐರೋಪ್ಯ ಬಾಹ್ಯಾಕಾಶ ಸಂಸ್ಥೆ ತನ್ನ ಏರಿಯಾನ್ ರಾಕೆಟ್ಟಿನ ಪ್ರಾಯೋಗಿಕ ಹಾರಾಟದಲ್ಲಿ ಜಾಗ ಕೊಡಲು ಒಪ್ಪಿತ್ತು. 1980ರ ಮೇ ತಿಂಗಳಲ್ಲಿ ಆ ರಾಕೆಟ್ಟಿನ ಎರಡನೇ ಹಾರಾಟ ಸಮುದ್ರದ ಪಾಲಾಯಿತು. ನಮ್ಮ ಉಪಗ್ರಹ ಹೋಗಬೇಕಾದದ್ದು ಮೂರನೆಯದರಲ್ಲಿ. ರಾವ್ ಮತ್ತು ಅವರ ತಂಡ ಹಿಂದೆ ಸರಿಯಲಿಲ್ಲ. ಲೋಹದ ವಾಹನ ಆಂಟೆನಾ ಪರೀಕ್ಷೆಗೆ ಅಡ್ಡಿಯಾಗುತ್ತದೆಂದು ಉಪಗ್ರಹವನ್ನು ಎತ್ತಿನ ಗಾಡಿಯ ಮೇಲಿಟ್ಟ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಅದರ ಮುಂದಿನ ಭಾಗವನ್ನು ಹೇಳುವವರು ಕಡಿಮೆ. 1981ರ ಜೂನ್ 19ರಂದು ಏರಿಯಾನ್ ಗೆದ್ದಿತು, ಆದರೆ ಆಪಲ್‌ನ ಎರಡು ಸೌರ ಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲೇ ಇಲ್ಲ. ಸಿಕ್ಕಷ್ಟೇ ವಿದ್ಯುತ್ತಿನಲ್ಲಿ, ಒಂದು ಕಡೆ ಕಾಯದಂತೆ ಇನ್ನೊಂದು ಕಡೆ ತಣಿಯದಂತೆ ನೋಡಿಕೊಳ್ಳುತ್ತ, ಎರಡು ವರ್ಷಕ್ಕೂ ಮಿಕ್ಕಿ ಅದನ್ನು ನಡೆಸಿದರು. ಮುಂದೆ ಇನ್ಸಾಟ್ ಉಪಗ್ರಹಗಳನ್ನು ನಿಭಾಯಿಸಲು ನಮ್ಮವರ ಕೈ ಪಳಗಿದ್ದು ಅಲ್ಲಿ. ನನ್ನ ಮಟ್ಟಿಗೆ ಆ ಎತ್ತಿನ ಗಾಡಿಗಿಂತ, ಬಿಚ್ಚಿಕೊಳ್ಳದ ಆ ಫಲಕ ಮುಖ್ಯ.

ಈಗ ನೀವು ಕೈಹಾಕಿರುವ ಕೆಲಸಗಳನ್ನು ನೋಡಿದರೆ ಮೈ ಪುಳಕಗೊಳ್ಳುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಬಯಲಿನಲ್ಲಿ 2023ರ ಏಪ್ರಿಲ್ 2ರ ಬೆಳಿಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ರೆಕ್ಕೆಯುಳ್ಳ ವಾಹನವೊಂದನ್ನು ನಾಲ್ಕೂವರೆ ಕಿಲೋಮೀಟರ್ ಮೇಲಿಂದ ಬಿಟ್ಟಿತು. ಪೈಲಟ್ ಇಲ್ಲದ ಆ ವಾಹನ ತಾನೇ ದಾರಿ ಹುಡುಕಿಕೊಂಡು ರನ್‌ವೇ ಮೇಲೆ ಇಳಿಯಿತು. 2024ರ ಜೂನ್ 23ರ ಮೂರನೇ ಪರೀಕ್ಷೆಯಲ್ಲಿ ಅದೇ ಪುಷ್ಪಕ್ ವಾಹನವನ್ನು ಬೇಕೆಂದೇ ರನ್‌ವೇಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಡಲಾಯಿತು. ಅದು ಓರೆಯನ್ನು ತಿದ್ದಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ನೆಲ ಮುಟ್ಟಿ, ಪ್ಯಾರಾಚೂಟ್ ಬಿಚ್ಚಿ 100 ಕಿಲೋಮೀಟರಿಗೆ ಇಳಿದು, ಬ್ರೇಕು ಹಾಕಿ ನಿಂತಿತು. ಕಕ್ಷೆಯಿಂದ ಉರಿಯುವ ಶಾಖದ ನಡುವೆ ಮರಳಿ ಬರುವ ನಿಜವಾದ ಪರೀಕ್ಷೆ ಇನ್ನೂ ಮುಂದಿದೆ. ಅಲ್ಲಿ ಮೊದಲ ಸಲವೇ ಗೆಲ್ಲಬೇಕೆಂದು ನಾವು ಹಟ ಹಿಡಿಯುವುದಿಲ್ಲ.

ಪ್ಲಾಸ್ಮಾ ಥ್ರಸ್ಟರ್ ಕೆಲಸವೂ ಅಂಥದ್ದೇ. ಭೂಸ್ಥಿರ ಕಕ್ಷೆಗೆ ಹೋಗುವ ಸಂಪರ್ಕ ಉಪಗ್ರಹದ ಉಡಾವಣಾ ತೂಕದಲ್ಲಿ ಅರ್ಧದಷ್ಟು ಬರೀ ರಾಸಾಯನಿಕ ಇಂಧನವೇ ಇರುತ್ತದೆ. ಅದರ ಬದಲು ಝೆನಾನ್ ಅನಿಲವನ್ನು ವಿದ್ಯುತ್ತಿನಿಂದ ಪ್ಲಾಸ್ಮಾ ಮಾಡಿ ಭಾರೀ ವೇಗದಲ್ಲಿ ಹಿಂದಕ್ಕೆ ಚಿಮ್ಮಿಸಿದರೆ ಸ್ವಲ್ಪವೇ ಅನಿಲದಲ್ಲಿ ಕೆಲಸ ಸಾಗುತ್ತದೆ. ನೀವು 2025ರ ಮಾರ್ಚಿನಲ್ಲಿ 1,000 ಗಂಟೆಗಳ ಪರೀಕ್ಷೆ ಮುಗಿಸಿದ ಥ್ರಸ್ಟರಿನ ನೂಕುಬಲ 300 ಮಿಲಿನ್ಯೂಟನ್. ಅಂಗೈ ಮೇಲೆ ಸಣ್ಣದೊಂದು ನಿಂಬೆಹಣ್ಣು ಇಟ್ಟಷ್ಟು ಭಾರ. ಅಷ್ಟು ಮೆಲ್ಲನೆಯ ಬಲದಿಂದ ಟನ್‌ಗಟ್ಟಲೆ ತೂಕದ ಉಪಗ್ರಹವನ್ನು ಮೇಲೇರಿಸಲು ತಿಂಗಳುಗಳು ಬೇಕು. ಅಷ್ಟು ದಿನವೂ ಅದು ಭೂಮಿಯ ಸುತ್ತಲಿನ ವಿಕಿರಣ ಪಟ್ಟಿಗಳನ್ನು ಹಾಯುತ್ತಿರಬೇಕು, ಥ್ರಸ್ಟರಿನ ಒಳಗೋಡೆಯನ್ನು ಪ್ಲಾಸ್ಮಾ ಸವೆಸುತ್ತಿರುತ್ತದೆ. ನೆಲದ ಮೇಲಿನ ನಿರ್ವಾತ ಕೋಣೆಯಲ್ಲಿ ಗೆದ್ದದ್ದು ಮೇಲೆ ಗೆಲ್ಲುತ್ತದೆಯೇ ಎಂಬುದನ್ನು ಮೇಲೆ ಹೋಗಿಯೇ ನೋಡಬೇಕು.

ಇಂಥ ಹೊಸ ಸಾಧನಗಳನ್ನು ಅಗ್ಗವಾಗಿ ಮೇಲೆ ಪರೀಕ್ಷಿಸಲು ನೀವೇ ಒಂದು ಒಳ್ಳೆಯ ದಾರಿ ಮಾಡಿಕೊಟ್ಟಿದ್ದೀರಿ. ಕೆಲಸ ಮುಗಿಸಿದ ಪಿಎಸ್‌ಎಲ್‌ವಿಯ ನಾಲ್ಕನೇ ಹಂತವನ್ನು ಹಾಗೇ ಬಿಡದೆ ಪ್ರಯೋಗಗಳ ವೇದಿಕೆ ಮಾಡಿದ ಪೋಯೆಮ್ ವ್ಯವಸ್ಥೆ ಅದು. ಟಾಟಾ ಇನ್‌ಸ್ಟಿಟ್ಯೂಟಿನ ಆಸರೆಯಲ್ಲಿ ಬೆಳೆದ ಬೆಲಾಟ್ರಿಕ್ಸ್ ಕಂಪನಿ ತನ್ನ ರುದ್ರ ಥ್ರಸ್ಟರನ್ನೂ ಅರ್ಕಾ ಥ್ರಸ್ಟರಿನ ಒಂದು ಭಾಗವನ್ನೂ 2024ರ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿ-ಸಿ58ರ ಮೇಲೆ ಪರೀಕ್ಷಿಸಿದ್ದು ಹಾಗೆ. ಎಂದರೆ ಹೊಸದರ ಅಪಾಯವನ್ನೆಲ್ಲ ಹೊತ್ತು ನಿಂತಿರುವುದು ಹಳೆಯ ರಾಕೆಟ್ಟಿನ ಮೇಲಿನ ನಂಬಿಕೆ. ಮೂರನೇ ಹಂತದ ವರದಿಯನ್ನು ಇಷ್ಟು ಒತ್ತಿ ಕೇಳುತ್ತಿರುವುದು ಅದಕ್ಕೇ.

ಮಲ್ಲೇಶ್ವರ ದಾಟಿ ಸದಾಶಿವನಗರಕ್ಕೆ ಬಂದರೆ ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆಯಿದೆ. ಅಲ್ಲಿ ಉರ್ಬಸಿ ಸಿನ್ಹಾ ಅವರ ತಂಡ 2017ರಿಂದ ನಿಮ್ಮ ಜೊತೆ ಸೇರಿ, ಬೆಳಕಿನ ಒಂದೊಂದು ಕಣವನ್ನೇ ಬಳಸಿ ಗುಟ್ಟಿನ ಸಂಕೇತ ಕಳಿಸುವ ವಿದ್ಯೆಯ ಮೇಲೆ ದುಡಿಯುತ್ತಿದೆ. ಕದ್ದು ನೋಡಿದರೆ ಕಣದ ಸ್ಥಿತಿಯೇ ಕದಡಿ ಕಳ್ಳತನ ಬಯಲಾಗುತ್ತದೆ, ಅದೇ ಅದರ ಬಲ. 2021ರಲ್ಲಿ ಸಂಸ್ಥೆಯ ಎರಡು ಕಟ್ಟಡಗಳ ನಡುವಿನ 50 ಮೀಟರ್ ಬಯಲಿನಲ್ಲಿ ಅದನ್ನು ಮಾಡಿ ತೋರಿಸಿದರು. 2023ರಲ್ಲಿ ಚಲಿಸುವ ಸಾಧನಕ್ಕೂ ಮುಟ್ಟಿಸಿದರು. ರಾಷ್ಟ್ರೀಯ ಕ್ವಾಂಟಮ್ ಮಿಷನ್ ಉಪಗ್ರಹದ ಮೂಲಕ ಹಾಕಿಕೊಂಡಿರುವ ಗುರಿ 2,000 ಕಿಲೋಮೀಟರ್. ಚೀನಾ ಇಂಥ ಕೆಲಸಕ್ಕೆಂದು 2016ರಲ್ಲೇ ಉಪಗ್ರಹ ಹಾರಿಸಿದೆ. 50 ಮೀಟರಿನಿಂದ 2,000 ಕಿಲೋಮೀಟರಿಗೆ ಹೋಗುವ ದಾರಿಯಲ್ಲಿ ಮೋಡ, ಗಾಳಿಯ ಕದಡು, ಓಡುವ ಉಪಗ್ರಹಕ್ಕೆ ಗುರಿ ಹಿಡಿಯುವ ಕಷ್ಟ ಎಲ್ಲವೂ ಕಾದಿವೆ.

ಹಣದ ಮಾತನ್ನೂ ಆಡಬೇಕು. 2024ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಬಾಹ್ಯಾಕಾಶ ನವೋದ್ಯಮಗಳಿಗೆಂದು 1,000 ಕೋಟಿ ರೂಪಾಯಿಯ ನಿಧಿಗೆ ಒಪ್ಪಿಗೆ ಕೊಟ್ಟಿತು. 2025ರ ಜುಲೈನಲ್ಲಿ ಸಂಶೋಧನೆ ಮತ್ತು ಅಭಿವೃದ್ಧಿಗೆ ಒಂದು ಲಕ್ಷ ಕೋಟಿಯ ಯೋಜನೆ ಬಂತು. ಸಂತೋಷದ ವಿಷಯ. ಆದರೆ ಆ ದೊಡ್ಡ ಯೋಜನೆಯ ನೆರವು ಸಿಗುವುದು ತಂತ್ರಜ್ಞಾನದ ಒಂಬತ್ತು ಮೆಟ್ಟಿಲುಗಳಲ್ಲಿ ನಾಲ್ಕನೆಯದನ್ನು ಹತ್ತಿದವರಿಗೆ. ಕಾಗದದ ಮೇಲಿನ ಲೆಕ್ಕ, ಮೇಜಿನ ಮೇಲಿನ ಮೊದಲ ಪ್ರಯೋಗ, ಹುಚ್ಚು ಎನಿಸುವ ಮೊದಲ ಯೋಚನೆ, ಇವೆಲ್ಲ ಕೆಳಗಿನ ಮೂರು ಮೆಟ್ಟಿಲುಗಳಲ್ಲಿರುತ್ತವೆ. ನಿಮ್ಮ ರೆಸ್ಪಾಂಡ್ ಯೋಜನೆ ಕಾಲೇಜುಗಳಿಗೆ ಆ ಹಂತದಲ್ಲಿ ನೆರವಾಗುತ್ತ ಬಂದಿದೆ. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ನಿಮ್ಮದೇ ಬಾಹ್ಯಾಕಾಶ ತಂತ್ರಜ್ಞಾನ ಕೋಶವಿದೆ. ಅವುಗಳಿಗೆ ಬಲ ಬರಬೇಕು. ಅಮೆರಿಕದ ನಾಸಾ ಎನ್‌ಐಎಸಿ ಎಂಬ ಕಾರ್ಯಕ್ರಮದಡಿ ಇಂಥ ಎಳೆಯ ಯೋಚನೆಗಳಿಗೆ ಸಣ್ಣ ಸಣ್ಣ ಮೊತ್ತ ಕೊಡುತ್ತದೆ. ಬಹುಪಾಲು ಯೋಚನೆಗಳು ಮೇಲೆ ಹಾರುವುದಿಲ್ಲ ಎಂದು ಗೊತ್ತಿದ್ದೇ ಕೊಡುತ್ತದೆ. ಕೊನೆಯ ವರದಿಗಳನ್ನು ಯಾರು ಬೇಕಾದರೂ ಓದಬಹುದು.

ವರದಿ ತೆರೆದಿಡುವುದರ ಬೆಲೆ ನನಗೆ ತಿಳಿದದ್ದು ತರಗತಿಯಲ್ಲಿ. 1996ರ ಜೂನ್ 4ರಂದು ಏರಿಯಾನ್-5 ತನ್ನ ಮೊದಲ ಹಾರಾಟದಲ್ಲಿ ಸುಮಾರು 40 ಸೆಕೆಂಡಿಗೆ ಚೂರುಚೂರಾಯಿತು. ವಿಚಾರಣಾ ಮಂಡಳಿಯ ವರದಿ ಜುಲೈ 19ಕ್ಕೆ ಸಿದ್ಧವಾಯಿತು, ಎಲ್ಲರ ಕೈಗೂ ಬಂತು. ಏರಿಯಾನ್-4ರಿಂದ ಹಾಗೇ ಎತ್ತಿಕೊಂಡ ತಂತ್ರಾಂಶದ ತುಣುಕೊಂದು 64 ಬಿಟ್ಟಿನ ಸಂಖ್ಯೆಯನ್ನು 16 ಬಿಟ್ಟಿಗೆ ಇಳಿಸಲು ಹೋಯಿತು. ಹೊಸ ರಾಕೆಟ್ಟಿನ ವೇಗಕ್ಕೆ ಸಂಖ್ಯೆ ದೊಡ್ಡದಾಗಿ ಆ ಜಾಗದಲ್ಲಿ ಹಿಡಿಸಲಿಲ್ಲ. ದಾರಿ ತೋರಿಸುವ ಸಾಧನವೂ ಅದಕ್ಕೆ ಬದಲಿಯಾಗಿದ್ದ ಸಾಧನವೂ ಒಂದೇ ತಂತ್ರಾಂಶದಿಂದ ನಡೆಯುತ್ತಿದ್ದುದರಿಂದ ಎರಡೂ ಒಟ್ಟಿಗೆ ಕೆಟ್ಟವು. ಇದನ್ನು ನಾನು ಬೋರ್ಡಿನ ಮೇಲೆ ಬರೆದು ವಿವರಿಸುವಾಗ ಹಿಂದಿನ ಬೆಂಚಿನ ಹುಡುಗರೂ ಮುಂದಕ್ಕೆ ಬಗ್ಗುತ್ತಿದ್ದರು. ಯಾವುದೋ ದೇಶದ ಸೋಲು ಬಸವನಗುಡಿಯ ಮಕ್ಕಳಿಗೆ ಎಚ್ಚರ ಕಲಿಸಿತು. ನಮ್ಮ ಸೋಲಿನಿಂದ ಆ ಪಾಠ ಕಲಿಸಲು ಈಗ ನನ್ನ ಕಿರಿಯ ಸಹೋದ್ಯೋಗಿಗಳ ಕೈಯಲ್ಲಿ ಏನಿದೆ?

ಸೋಲಿನ ಕಾರಣ ತೆರೆದಿಡುವುದನ್ನು ನೀವು ಮಾಡಿಯೂ ತೋರಿಸಿದ್ದೀರಿ. 2022ರ ಆಗಸ್ಟ್ 7ರಂದು ಪುಟ್ಟ ರಾಕೆಟ್ಟಾದ ಎಸ್‌ಎಸ್‌ಎಲ್‌ವಿಯ ಮೊದಲ ಹಾರಾಟ ಸೋತಾಗ, ಎರಡನೇ ಹಂತ ಕಳಚುವಾಗಿನ ಕಂಪನವನ್ನು ವೇಗೋತ್ಕರ್ಷ ಅಳೆಯುವ ಸಾಧನಗಳ ದೋಷವೆಂದು ಕಂಪ್ಯೂಟರ್ ತಪ್ಪು ತಿಳಿದದ್ದು, ಕೊನೆಗೆ ವೇಗದಲ್ಲಿ ಸೆಕೆಂಡಿಗೆ ಬರೀ 56 ಮೀಟರ್ ಕಡಿಮೆ ಬಿದ್ದದ್ದು, ಎಲ್ಲವನ್ನೂ ವಿವರವಾಗಿ ಬರೆದು ಹೊರಗಿಟ್ಟಿರಿ. 2021ರ ಜಿಎಸ್‌ಎಲ್‌ವಿ-ಎಫ್10 ರಾಕೆಟ್ಟಿನ ಕವಾಟದ ಸೋರಿಕೆಯನ್ನೂ ಹೇಳಿದಿರಿ. ಸ್ಪೇಡೆಕ್ಸ್ ಅಂತೂ ಕಣ್ಣೆದುರೇ ನಡೆಯಿತು. ತಲಾ 220 ಕಿಲೋದ ಎರಡು ಉಪಗ್ರಹಗಳನ್ನು ಕೂಡಿಸುವ ದಿನವನ್ನು 2025ರ ಜನವರಿಯಲ್ಲಿ ಎರಡು ಸಲ ಮುಂದೂಡಿದಿರಿ. ಎಣಿಸಿದ್ದಕ್ಕಿಂತ ಹೆಚ್ಚು ಅಲೆದಾಟ ಕಂಡಿತೆಂದು ಒಪ್ಪಿಕೊಂಡಿರಿ. 12ರಂದು 15 ಮೀಟರಿಗೆ, ಆಮೇಲೆ 3 ಮೀಟರಿಗೆ ತಂದು, ಮತ್ತೆ ದೂರ ಸರಿಸಿದಿರಿ. 16ರಂದು ಕೂಡಿಸಿದಿರಿ. ಗಾಂಧಿ ಬಜಾರಿನ ಕಾಫಿ ಹೋಟೆಲುಗಳಲ್ಲಿ ಆ ದಿನಗಳಲ್ಲಿ "ಮೂರು ಮೀಟರಿಗೆ ಬಂದಿತ್ತಂತೆ" ಎಂಬ ಮಾತು ನಡೆಯುತ್ತಿತ್ತು. ತಡವಾಯಿತೆಂದು ಯಾರೂ ಮೂಗು ಮುರಿಯಲಿಲ್ಲ. ಅಡ್ಡಿಯನ್ನು ಆಗಿಂದಾಗಲೇ ಹೇಳಿದಿರಿ, ಅದಕ್ಕೇ ಜನ ನಿಮ್ಮ ಜೊತೆ ಕಾದರು.

ಭದ್ರತೆಯ ಪ್ರಶ್ನೆ ಇದೆ, ಒಪ್ಪುತ್ತೇನೆ. ಎರಡೂ ಸಲ ಹೋದದ್ದು ದೇಶದ ಕಾವಲಿಗೆ ಬೇಕಾದ ಉಪಗ್ರಹ. ಉಪಗ್ರಹದ ವಿವರವಿರುವ ಸಾಲುಗಳಿಗೆ ಮಸಿ ಬಳಿಯಿರಿ, ಯಾರೂ ಆಕ್ಷೇಪಿಸುವುದಿಲ್ಲ. ಮೋಟಾರಿನಲ್ಲಿ ಒತ್ತಡ ಯಾಕೆ ಕುಸಿಯಿತು ಎಂಬುದು ಬೇರೆ ಮಾತು. ಪತ್ರಿಕೆ, ಟಿವಿಗಳು ಹೀಯಾಳಿಸುತ್ತವೆ ಎಂಬ ಅಂಜಿಕೆಯಿದ್ದರೆ ಧವನ್ ಅವರನ್ನು ನೆನೆಯಿರಿ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಸೋತಾಗ ಪತ್ರಕರ್ತರ ಮುಂದೆ ಅವರೇ ಕೂತು ಹೊಣೆ ಹೊತ್ತರು. ಮುಂದಿನ ವರ್ಷ ಜುಲೈ 18ರಂದು ಗೆದ್ದಾಗ ಯೋಜನೆಯ ನಿರ್ದೇಶಕ ಅಬ್ದುಲ್ ಕಲಾಂ ಅವರನ್ನು ಮುಂದೆ ಕೂರಿಸಿದರು. ಚಂದ್ರಯಾನ-3ಕ್ಕೆ ಮೊದಲು ಆಗಿನ ಇಸ್ರೋ ಅಧ್ಯಕ್ಷ ಸೋಮನಾಥ್ ಅವರು, ಏನೇನು ಕೈಕೊಡಬಹುದೆಂದು ಪಟ್ಟಿ ಮಾಡಿ ಅದಕ್ಕೆ ತಕ್ಕಂತೆ ಲ್ಯಾಂಡರನ್ನು ಕಟ್ಟಿದ್ದೇವೆ ಎಂದು ಬಹಿರಂಗವಾಗಿಯೇ ಹೇಳಿದ್ದರು. 2019ರ ಚಂದ್ರಯಾನ-2ರ ಸೋಲನ್ನು ಬಿಚ್ಚಿ ನೋಡಿದ್ದರ ಫಲ 2023ರ ಆಗಸ್ಟ್ 23ರ ಸಂಜೆ ಕಂಡಿತು.

ಬಹಿರಂಗ ಪತ್ರವಾದ್ದರಿಂದ ನಮ್ಮ ಬಡಾವಣೆಗಳ ತಂದೆತಾಯಂದಿರಿಗೂ ಒಂದು ಮಾತು. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ ಸಂಬಳದ ಮೇಲೆ ಬೆಳೆದ ಮನೆಗಳು ನಮ್ಮವು. ಭದ್ರವಾದ ನೌಕರಿಯ ಬೆಲೆ ನಮಗೆ ಗೊತ್ತು. ಆದರೂ ಮಗಳು ರಾಕೆಟ್ ಕಂಪನಿ ಸೇರುತ್ತೇನೆ ಎಂದರೆ, ಆ ಕಂಪನಿ ಮುಚ್ಚಿಹೋದರೇನು ಗತಿ ಎಂದು ಮೊದಲೇ ಬಾಗಿಲು ಹಾಕಬೇಡಿ. ಮಗ ಕಟ್ಟಿದ ಉಪಗ್ರಹ ಸಮುದ್ರಕ್ಕೆ ಬಿದ್ದ ದಿನ ಅವನಿಗೆ ಊಟ ಬಡಿಸಿ, ಏನಾಯಿತು ಹೇಳು ಎಂದು ಕೇಳಿ. ಸಾಹಸಕ್ಕೆ ಸರ್ಕಾರದ ದುಡ್ಡಿನಷ್ಟೇ ಮನೆಯ ಧೈರ್ಯವೂ ಬೇಕು.

ನನ್ನ ಬೇಡಿಕೆಗಳನ್ನು ಸ್ಪಷ್ಟವಾಗಿ ಹೇಳುತ್ತೇನೆ. ಯಾವುದೇ ರಾಕೆಟ್ ಸೋತರೆ, ಅದೇ ರಾಕೆಟ್ ಮತ್ತೆ ಹಾರುವ ಮೊದಲು ಸೋಲಿನ ವರದಿ ಹೊರಬರಲಿ. ಇದನ್ನು ನಿಯಮವನ್ನಾಗಿ ಮಾಡಿ. ಇಲಾಖೆಯ ವರ್ಷದ ಹಣದಲ್ಲಿ ಒಂದು ಗೊತ್ತಾದ ಪಾಲು ಕೆಳಗಿನ ಮೂರು ಮೆಟ್ಟಿಲುಗಳ ಯೋಚನೆಗಳಿಗೆ ಮೀಸಲಾಗಲಿ, ಅಲ್ಲಿ ಸೋತವರು ಮತ್ತೆ ಅರ್ಜಿ ಹಾಕಲು ಹೆದರದಂತಿರಲಿ. ವರದಿಯ ಸಾರಾಂಶ ಕನ್ನಡದಲ್ಲೂ ಬರಲಿ, ಸರ್ಕಾರಿ ಶಾಲೆಯ ಮೇಷ್ಟ್ರ ಕೈಗೂ ಸಿಗಲಿ.

ಕೊನೆಯದಾಗಿ ಒಂದು ಆಹ್ವಾನ. ಎಚ್. ನರಸಿಂಹಯ್ಯನವರು 1962ರಲ್ಲಿ ಹುಟ್ಟುಹಾಕಿದ ಬೆಂಗಳೂರು ವಿಜ್ಞಾನ ವೇದಿಕೆ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಇವತ್ತಿಗೂ ನಡೆಯುತ್ತಿದೆ. ಯಾರನ್ನೂ ಪ್ರಶ್ನಿಸದೆ ಒಪ್ಪದ ಮನುಷ್ಯ ಕಟ್ಟಿದ ಜಾಗ ಅದು; ಕೇಳಲು ಬಂದವರೆಲ್ಲರಿಗೂ ಅಲ್ಲಿ ಪ್ರಶ್ನೆ ಕೇಳುವ ಹಕ್ಕಿದೆ. ಅಂಥ ವೇದಿಕೆಯ ಮೇಲೆ ನಿಂತು ಮೂರನೇ ಹಂತದಲ್ಲಿ ಆದದ್ದೇನೆಂದು ವಿವರಿಸಿ. ಪಿಯುಸಿ ಹುಡುಗಿಯೊಬ್ಬಳು ಎದ್ದು ನಿಂತು, ನಿಮ್ಮ ಸಮಿತಿಗೂ ಹೊಳೆಯದ ಪ್ರಶ್ನೆಯೊಂದನ್ನು ಕೇಳಿದರೆ ಆಶ್ಚರ್ಯವಿಲ್ಲ. ಇನ್ನು ಇಪ್ಪತ್ತು ವರ್ಷಕ್ಕೆ ನಿಮ್ಮ ಕುರ್ಚಿಯಲ್ಲಿ ಕೂರುವವಳು ಅವಳೇ ಆಗಿರಬಹುದು. ಅವಳಿಗೆ ಆ ವರದಿ ಈಗಲೇ ಬೇಕು.

ಗೌರವದಿಂದ,
ಬಸವನಗುಡಿಯ ಒಬ್ಬ ನಿವೃತ್ತ ಅಧ್ಯಾಪಕಿ